ನಮ್ಮವರು ಆಡದ ದಿನ

ತಲೆಬರಹ ಓದಿ ನಾನು ನಮ್ಮ ಯಜಮಾನರ ದೂರು ಹೇಳಲು ಹೊರಟಿದ್ದೇನೆ ಅಂದುಕೊಳ್ಳಬೇಡಿ. ಅವರು ಯಾವ ದಿನವೂ ಆಡಿದವರಲ್ಲ. ಅವರ ಆಟವೇನಿದ್ದರೂ ಟೀವಿಯ ಎದುರು, ಕಾಲ ಮೇಲೆ ಕಾಲು ಹಾಕಿಕೊಂಡು, ಒಂದು ತಟ್ಟೆ ಹಲಸಿನ ಹಪ್ಪಳ ಪಕ್ಕದಲ್ಲಿ ಇಟ್ಟುಕೊಂಡು. ನಾನು ಹೇಳುವುದು ನಾವು ಮನಸ್ಸಿನಲ್ಲೇ 'ನಮ್ಮವರು' ಅಂತ ಮಾಡಿಕೊಂಡ ತಂಡದ ವಿಷಯ. ಆ ತಂಡ ಸೋತು ಮನೆಗೆ ಹೋದ ಮೇಲೂ ಪಂದ್ಯಾಟ ಮುಗಿಯುವುದಿಲ್ಲ ನೋಡಿ. ಉಳಿದವರು ಆಡುತ್ತಾರೆ. ಆಗ ನೀವು ಯಾರ ಕಡೆ?

ಯಜಮಾನರ ಉತ್ತರ ಸುಲಭ. ಯಾರ ಕಡೆಯೂ ಅಲ್ಲ, ಟೀವಿ ಬಂದ್! 2008ರಲ್ಲಿ ಐಪಿಎಲ್ ಶುರುವಾದಂದಿನಿಂದ ಅವರು ಬೆಂಗಳೂರು ತಂಡದವರು. 2025ರ ಜೂನ್ 3ರಂದು ಆ ತಂಡ ಮೊದಲ ಸಲ ಕಪ್ ಎತ್ತುವವರೆಗೆ ಪ್ರತಿ ವರ್ಷವೂ ಒಂದು ದಿನ ನಾನು ಕಸೂತಿ ಹಾಕಿದ ಬಟ್ಟೆ ಟೀವಿಯ ಮೇಲೆ ಬಿತ್ತೆಂದರೆ ಆ ವರ್ಷದ ಕ್ರಿಕೆಟ್ಟು ನಮ್ಮ ಮನೆಯಲ್ಲಿ ಮುಗಿಯಿತು ಅಂತ ಅರ್ಥ. 2024ರ ಮೇ 22ರಂದು ರಾಜಸ್ಥಾನದವರ ಎದುರು ಸೋತರಲ್ಲ, ಆಮೇಲೆ ನಡೆದ ಕೋಲ್ಕತ್ತಾ-ಹೈದರಾಬಾದ್ ಫೈನಲ್ಲು ಊರಿಗೆಲ್ಲ ನಡೆಯಿತು, ನಮ್ಮ ಮನೆಗೆ ನಡೆಯಲಿಲ್ಲ. "ಬೇರೆಯವರ ಮದುವೆಗೆ ನಾವ್ಯಾಕೆ ಹೋಳಿಗೆ ತಟ್ಟುವುದು?" ಅಂತ ಅವರ ವಾದ. ಅಲ್ಲಾ, ನೀವೇ ಹೇಳಿ, ನಾವು ಹೆಂಗಸರು ಈ ಜನ್ಮದಲ್ಲಿ ತಟ್ಟಿದ ಹೋಳಿಗೆಯಲ್ಲಿ ಮುಕ್ಕಾಲು ಪಾಲು ಬೇರೆಯವರ ಮದುವೆಯದ್ದೇ ತಾನೇ?

ಈ ಪ್ರಶ್ನೆಯನ್ನು ನಾನು ಸರಿಯಾಗಿ ಯೋಚನೆ ಮಾಡಿದ್ದು ಮಾತ್ರ ಟೀವಿಯ ಎದುರು ಅಲ್ಲ, ನನ್ನ ತವರೂರಲ್ಲಿ, 2024ರ ಫೆಬ್ರವರಿಯ ಒಂದು ಚಳಿಯ ರಾತ್ರಿ.

ನನ್ನ ತವರು ಕೊಲ್ಲಮೊಗ್ರು. ನಾನು ಮದುವೆಯಾಗಿ ಬಂದದ್ದು ಪುತ್ತೂರಿಗೆ. ದೊಡ್ಡ ದೂರವೇನಲ್ಲ, ಆದರೂ ಇಲ್ಲಿಯೇ ಎಷ್ಟೋ ಜನ "ಅದು ಎಲ್ಲಿ ಬರುತ್ತದೆ?" ಅಂತ ಕೇಳುವುದುಂಟು. ಸುಳ್ಯದಿಂದ ಸುಬ್ರಹ್ಮಣ್ಯದ ದಾರಿ ಹಿಡಿದು ಎಲಿಮಲೆ, ಗುತ್ತಿಗಾರು ದಾಟಿ ಹರಿಹರ ಪಲ್ಲತ್ತಡ್ಕಕ್ಕೆ ಹೋಗಬೇಕು. ಹರಿಹರೇಶ್ವರ ದೇವರಿಗೆ ಬಸ್ಸಿನಲ್ಲೇ ಕೂತು ಕೈ ಮುಗಿದರೆ ಮುಂದೆ ಕೊಲ್ಲಮೊಗ್ರು, ಅದರಾಚೆ ಕಲ್ಮಕಾರು, ಅದರಾಚೆ ಕಾಡು, ಕಾಡಿನಾಚೆ ಕೊಡಗು. ಕುಮಾರಪರ್ವತದ ಸಾಲು ಊರಿನ ಬೆನ್ನಿಗೆ ನಿಂತ ಹಾಗೆ ಉಂಟು. 1,712 ಮೀಟರ್ ಎತ್ತರವಂತೆ. ನಾವು ಮಕ್ಕಳಿರುವಾಗ ಅದನ್ನು ಅಳೆದವರಲ್ಲ, ಬಟ್ಟೆ ಒಣಗುತ್ತದೋ ಇಲ್ಲವೋ ಅಂತ ಅದರ ತಲೆ ನೋಡಿ ಹೇಳುತ್ತಿದ್ದೆವು, ಅಷ್ಟೇ. ಮಳೆಗಾಲದಲ್ಲಿ ಬೆಟ್ಟ ಕಾಣುವುದೇ ಇಲ್ಲ. ಹೊಳೆಯ ಶಬ್ದ ಮಾತ್ರ ಹಗಲೂ ರಾತ್ರಿಯೂ ಕಿವಿಯಲ್ಲಿ ಇರುತ್ತದೆ.

ಸಲ ಸಲ ಹೋಗುವಾಗಲೂ ಊರು ಸ್ವಲ್ಪ ಸ್ವಲ್ಪ ಬೇರೆಯಾಗಿ ಕಾಣುತ್ತದೆ. ಅಡಿಕೆಯಿಂದಲೇ ಮನೆ ಕಟ್ಟಿದ, ಅಡಿಕೆಯಿಂದಲೇ ಹೆಣ್ಣುಮಕ್ಕಳ ಮದುವೆ ಮಾಡಿದ ಊರು ಅದು. ಹಳದಿ ರೋಗ ಮೊದಲೇ ತೋಟಗಳನ್ನು ತಿನ್ನುತ್ತಿತ್ತು, ಅದರ ಮೇಲೆ ಎಲೆಚುಕ್ಕಿ ರೋಗ. ಬಸ್ಸಿನ ಕಿಟಕಿಯಿಂದ ನೋಡಿದರೆ ಸುಟ್ಟ ಹಾಗೆ ಕಾಣುವ ಸೋಗೆಗಳು. ಅಡಿಕೆ ಇದ್ದಲ್ಲಿ ಈಗ ರಬ್ಬರು, ಕೆಲವು ಕಡೆ ಬರೀ ಬಯಲು. "ಹೇಗುಂಟು ತೋಟ?" ಅಂತ ಅಣ್ಣನ ಹತ್ತಿರ ನಾನು ಈಗ ಕೇಳುವುದನ್ನೇ ಬಿಟ್ಟಿದ್ದೇನೆ.

ಆ ಸಲ ಹೋದದ್ದು ಕಬಡ್ಡಿಗೆ. ಊರಿನ ಹುಡುಗರು ರಾತ್ರಿಯ ಹೊನಲು ಬೆಳಕಿನ ಪಂದ್ಯಾಟ ಇಟ್ಟಿದ್ದರು. ಅಣ್ಣ ಸಮಿತಿಯಲ್ಲಿ ಒಬ್ಬ. ಅಣ್ಣನ ಮಗ ಊರಿನ ತಂಡದ ರೈಡರ್. "ತಂಗಿ, ನೀನು ಬರಲೇಬೇಕು" ಅಂತ ಅಣ್ಣ ಮೂರು ಸಲ ಫೋನು ಮಾಡಿದ. ಯಜಮಾನರಿಗೆ ಬ್ಯಾಂಕಿನ ಕೆಲಸ ಇತ್ತು ಅಂತ ಅವರೇ ಹೇಳಿದ ಕಾರಣ ನಾನು ನಂಬಿದೆ. ಪಿಯುಸಿ ಓದುವ ಮಗನನ್ನು ಕಟ್ಟಿಕೊಂಡು ಹೊರಟೆ.

ಅಂಗಳಕ್ಕೆ ಕಾಲಿಟ್ಟಾಗ ಅಮ್ಮ ಒಣಗಿದ ಅಡಿಕೆ ಗುಡ್ಡೆ ಮಾಡುತ್ತಿದ್ದರು. ನನಗೆ ಆ ಅಂಗಳ ಅಂದರೆ 1987 ನೆನಪು. ಆಗ ನನಗೆ ಏಳು ವರ್ಷ. ಊರಲ್ಲಿ ಟೀವಿ ಎಲ್ಲಿಯದು? ಅಪ್ಪನ ಟ್ರಾನ್ಸಿಸ್ಟರು ತುಳಸಿಕಟ್ಟೆಯ ಮೇಲೆ, ಅದರ ಬ್ಯಾಟರಿ ಸೆಲ್ಲುಗಳನ್ನು ಹಿಂದಿನ ದಿನವೇ ಬಿಸಿಲಿಗಿಟ್ಟು ಜೀವ ತುಂಬಿಸಿದ್ದು. ನವೆಂಬರ್ 5ರಂದು ಬೊಂಬಾಯಿಯಲ್ಲಿ ಇಂಗ್ಲೆಂಡಿನವರು ನಮ್ಮನ್ನು ವಿಶ್ವಕಪ್ಪಿನಿಂದ 35 ರನ್ನಿಗೆ ಹೊರಗೆ ಹಾಕಿದ್ದರು. ಗ್ರಹಾಂ ಗೂಚ್ ಅಂತ ಒಬ್ಬ ಸ್ವೀಪು ಮಾಡೀ ಮಾಡೀ ನೂರಹದಿನೈದು ಹೊಡೆದ. ಅಪ್ಪ ಆ ದಿನ ಊಟ ಮಾಡಲಿಲ್ಲ. ಮೂರು ದಿನ ಕಳೆದು ಕಲ್ಕತ್ತೆಯಲ್ಲಿ ಫೈನಲ್, ಇಂಗ್ಲೆಂಡಿಗೂ ಆಸ್ಟ್ರೇಲಿಯಾಕ್ಕೂ. ಕಲ್ಕತ್ತೆಯ ಜನವೆಲ್ಲ ಆಸ್ಟ್ರೇಲಿಯಾದ ಕಡೆಗೆ. ನಮ್ಮ ಅಪ್ಪನೂ.

"ನಮ್ಮನ್ನು ಸೋಲಿಸಿದವರು ಗೆಲ್ಲಲೇಬಾರದು" ಅಂತ ಅಪ್ಪ.

ಅಮ್ಮ ಅಡಿಕೆ ಹರಗುತ್ತಾ ತಲೆ ಎತ್ತದೆ ಹೇಳಿದರು, "ಅಲ್ಲ, ಅವರು ನಾಳೆ ಬೇರೆಯವರಿಗೆ ಸೋತರೆ ನಮ್ಮ ಮರ್ಯಾದೆ ಎಲ್ಲಿ ಉಳಿಯಿತು? ಅವರು ಗೆದ್ದರೆ, ಗೆದ್ದವರಿಗೇ ಸೋತೆವು ಅಂತಾದರೂ ಹೇಳಬಹುದು."

ಅಪ್ಪನಿಗೆ ಉತ್ತರ ಹೊಳೆಯಲಿಲ್ಲ, ಸಿಟ್ಟು ಬಂತು. ಇಂಗ್ಲೆಂಡ್ ಏಳು ರನ್ನಿಗೆ ಸೋತಿತು. ಅಪ್ಪ ನಮಗೆಲ್ಲ ಬೆಲ್ಲ ಹಂಚಿದರು. ಅಮ್ಮನೂ ಒಂದು ಅಚ್ಚು ತೆಗೆದುಕೊಂಡರು ಅನ್ನಿ.

ಈ ಎರಡು ಮಾತಿನ ನಡುವೆಯೇ ನಾನು ಬೆಳೆದದ್ದು ಅಂತ ಕಾಣುತ್ತದೆ. 2019ರ ಜುಲೈಯಲ್ಲಿ ನ್ಯೂಜಿಲೆಂಡಿನವರು ಸೆಮಿಫೈನಲಿನಲ್ಲಿ 18 ರನ್ನಿಗೆ ನಮ್ಮನ್ನು ಸೋಲಿಸಿದಾಗ ನನ್ನ ಮಗ ಅವರ ಅಜ್ಜನ ಹಾಗೆಯೇ, "ಇಂಗ್ಲೆಂಡೇ ಗೆಲ್ಲಲಿ" ಅಂತ ಹಟ ಹಿಡಿದ. ಆ ಫೈನಲ್ಲು ನೀವೂ ನೋಡಿರಬಹುದು. ಆಟವೂ ಸಮ, ಮತ್ತೆ ಆಡಿಸಿದ ಸೂಪರ್ ಓವರೂ ಸಮ. ಕೊನೆಗೆ ಬೌಂಡರಿ ಯಾರು ಹೆಚ್ಚು ಹೊಡೆದದ್ದು ಅಂತ ಲೆಕ್ಕ ಮಾಡಿ ಇಂಗ್ಲೆಂಡಿಗೆ ಕಪ್ ಕೊಟ್ಟರು. ಸೋಲದೆ ಸೋತ ಆ ನ್ಯೂಜಿಲೆಂಡಿನ ಕ್ಯಾಪ್ಟನ್ ವಿಲಿಯಮ್ಸನ್ ಸುಮ್ಮನೆ ನಕ್ಕ ಮುಖ ನೋಡಿ ನನ್ನ ಮಗ ಕಣ್ಣು ಒರೆಸಿಕೊಂಡ. ಐದು ಗಂಟೆ ಹೊತ್ತು ಅವರು ಸೋಲಲಿ ಅಂತ ದೇವರಿಗೆ ಹೇಳಿಕೊಂಡವನು! ಮುಂದಿನ ಸಲದಿಂದ ಆ ಬೌಂಡರಿ ಲೆಕ್ಕದ ನಿಯಮವನ್ನೇ ತೆಗೆದುಹಾಕಿದರಂತೆ, ಆದರೆ ಹೋದ ಕಪ್ ಹೋಯಿತು.

ಸರಿ, ಕಬಡ್ಡಿಗೆ ಬರುತ್ತೇನೆ.

ಸಂಜೆ ಏಳಕ್ಕೆಲ್ಲ ಮೈದಾನ ತುಂಬಿತ್ತು. ಅಡಿಕೆ ಮರ ಕಟ್ಟಿ ಮಾಡಿದ ಗ್ಯಾಲರಿ, ಅದರಲ್ಲಿ ಗಂಡಸರು. ನಮಗೆ ಹೆಂಗಸರಿಗೆ ಮುಂದೆ ಪ್ಲಾಸ್ಟಿಕ್ ಕುರ್ಚಿ. ನಡುವೆ ನೀಲಿ-ಕೆಂಪು ಮ್ಯಾಟ್ ಹಾಸಿದ ಅಂಕಣ. ನಮ್ಮ ಕಾಲದಲ್ಲಿ ಕೊಯ್ಲು ಮುಗಿದ ಗದ್ದೆಯಲ್ಲೇ ಸುಣ್ಣದ ಗೆರೆ ಎಳೆದು ಆಡುತ್ತಿದ್ದರು. ಮೊಣಕಾಲು ತರಚದ ಹುಡುಗ ಊರಲ್ಲಿ ಇರಲಿಲ್ಲ. ಪಕ್ಕದಲ್ಲಿ ಚರುಮುರಿ ಗಾಡಿ, ಆಮ್ಲೆಟ್ಟಿನ ಹೊಗೆ, ಸ್ವಸಹಾಯ ಸಂಘದ ಹೆಂಗಸರ ಚಾ ಮತ್ತು ಗೆಣಸಿನ ಪೋಡಿ. ನನ್ನ ಅತ್ತಿಗೆ ಆ ಬಾಣಲೆಯ ಹಿಂದೆ. ಮೈಕಿನಲ್ಲಿ ಒಬ್ಬರು ಉಸಿರು ತೆಗೆದುಕೊಳ್ಳದೆ ಮಾತಾಡುತ್ತಿದ್ದರು. ಕಬಡ್ಡಿ ಅಂಕಣದಲ್ಲಿ ಉಸಿರು ಹಿಡಿಯುವವರು ಆಟಗಾರರೋ ಇವರೋ ಅಂತ ನನಗೆ ಅನುಮಾನ ಬಂತು.

ನಿಮ್ಮಲ್ಲಿ ಕೆಲವರಿಗೆ ಕಬಡ್ಡಿ ಅಂದರೆ ಗಂಡಸರ ಮೈಕೈ ಜಗ್ಗಾಟ ಅಂತ ಇರಬಹುದು. ನಮ್ಮ ಕರಾವಳಿಯಲ್ಲಿ ಹಾಗಿಲ್ಲ. ಕಾರ್ಕಳ ತಾಲೂಕಿನ ಮಮತಾ ಪೂಜಾರಿ ನಾಯಕಿಯಾಗಿ 2012ರಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ತಂದವರು. ಒಂದು ಕಡೆ ಏಳು ಜನ, ಒಬ್ಬ ಆಚೆ ಹೋಗಿ ಮೂವತ್ತು ಸೆಕೆಂಡಿನೊಳಗೆ ಯಾರನ್ನಾದರೂ ಮುಟ್ಟಿ ವಾಪಸು ಬರಬೇಕು. ಮೂವತ್ತು ಸೆಕೆಂಡಿನಲ್ಲಿ ನಾವು ಒಂದು ಒಗ್ಗರಣೆ ಹಾಕುವಷ್ಟರಲ್ಲಿ ಅವರ ಜೀವನವೇ ಆಚೀಚೆ ಆಗುತ್ತದೆ.

ನಮ್ಮ ಊರಿನ ತಂಡಕ್ಕೆ ಎರಡನೆಯ ಆಟ ನೀಲಿ ಅಂಗಿಯವರ ಮೇಲೆ ಬಿತ್ತು. ಅವರು ಪುತ್ತೂರು ಕಡೆಯ ಹಳ್ಳಿಯವರು. "ನಿನ್ನ ಗಂಡನ ಊರಿನವರು ಬಂದಿದ್ದಾರೆ, ನೋಡಿಕೋ" ಅಂತ ಅಣ್ಣ ನಗಾಡಿದ. ನಾನೂ ನಗಾಡಿದೆ. ಕೊನೆಯ ನಿಮಿಷದವರೆಗೆ ಸಮ ಸಮ. ಕೊನೆಯ ರೈಡಿಗೆ ಅಣ್ಣನ ಮಗ ಹೋದ. ಬೋನಸ್ ಗೆರೆ ದಾಟಿದೆ ಅಂತ ಅವ, ದಾಟಲಿಲ್ಲ ಅಂತ ರೆಫ್ರಿ. ಆಮೇಲೆ ನಾಲ್ಕು ಜನ ಅವನ ಮೇಲೆ. ಎದ್ದಾಗ ಹುಡುಗನ ಬಲಭುಜ ಕೆಳಗೆ ಜೋತಿತ್ತು. ಒಂದು ಅಂಕಕ್ಕೆ ಸೋಲು. ಗ್ಯಾಲರಿಯಿಂದ ಬಾಟಲಿ ಒಂದು ಬಿತ್ತು, ಸಮಿತಿಯವರು ಓಡಿದರು, ಮೈಕಿನವರು "ಕ್ರೀಡಾಭಿಮಾನಿಗಳೇ, ಶಾಂತಿ ಶಾಂತಿ" ಅಂದರು. ಅಣ್ಣ ಮಗನನ್ನು ಗುತ್ತಿಗಾರಿಗೆ ಕರೆದುಕೊಂಡು ಹೋಗಿ ಭುಜಕ್ಕೆ ಪಟ್ಟಿ ಹಾಕಿಸಿಕೊಂಡು ಹನ್ನೊಂದೂವರೆಗೆ ವಾಪಸು ಬಂದ. ಉಳುಕು ಅಷ್ಟೇ ಅಂತ ಆಯಿತು. ಆದರೆ ಹುಡುಗ ಜೀಪಿನಿಂದ ಇಳಿಯಲಿಲ್ಲ. ನನ್ನ ಮಗ ಅವನ ಹತ್ತಿರ ಹೋಗಿ ಕೂತ.

ಇನ್ನೂ ಅರ್ಧ ಪಂದ್ಯಾಟ ಬಾಕಿ. ಮನೆಗೆ ಹೋಗುವ ಅಂದರೆ ಸಮಿತಿಯವರ ಮನೆಯ ಹೆಂಗಸರು ಬಹುಮಾನ ಕೊಡುವ ಮೊದಲು ಎದ್ದರೆ ಚೆನ್ನಾಗಿರುವುದಿಲ್ಲ. ಹೀಗೆ ಕೂತಾಗಲೇ ನೋಡಿ ಈ ಪ್ರಶ್ನೆ ಬರುವುದು. ಯಾರ ಕಡೆಯೂ ಅಲ್ಲ ಅಂತ ಆಟ ನೋಡಲು ಆಗುತ್ತದಾ? ನಾನು ಪ್ರಯತ್ನಪಟ್ಟೆ. ಆಗುವುದಿಲ್ಲ. ಐದು ನಿಮಿಷದೊಳಗೆ ಯಾವುದೋ ಒಂದು ಹುಡುಗನ ಮುಖ ನಮ್ಮ ಮಗನದ್ದೋ ತಮ್ಮನದ್ದೋ ಹಾಗೆ ಕಂಡು, ಮನಸ್ಸು ಆ ಕಡೆ ಹೋಗಿ ಕೂತಿರುತ್ತದೆ.

ಬೆಟ್ಟದ ಆಚೆ ಕೊಡಗಿನಲ್ಲಿ ಇದಕ್ಕೆ ಒಳ್ಳೆಯ ಉಪಾಯ ಉಂಟು. ಅಲ್ಲಿ 1997ರಿಂದ ಕೊಡವ ಮನೆತನಗಳ ಹಾಕಿ ನಡೆಯುತ್ತದೆ. ಕರಡದಲ್ಲಿ ಮೊದಲ ವರ್ಷ 60 ಮನೆತನ ಇದ್ದದ್ದು 2024ರಲ್ಲಿ ನಾಪೋಕ್ಲಿಗೆ ಬರುವಾಗ 360 ತಂಡ ಆಗಿತ್ತು. ಮನೆತನದ ತಂಡದಲ್ಲಿ ಹೆಂಗಸರೂ ಗಂಡಸರ ಜೊತೆಗೇ ಆಡುತ್ತಾರೆ. ಒಬ್ಬ ಹೆಂಗಸಿಗೆ ಗಂಡನ ಮನೆತನ ಸೋತರೆ ತವರು, ತವರು ಸೋತರೆ ಅಮ್ಮನ ತವರು, ಅದೂ ಸೋತರೆ ಸೊಸೆಯ ತವರು. ತಿಂಗಳಿಡೀ ಯಾರಾದರೂ ಒಬ್ಬರು ಆಡುತ್ತಲೇ ಇರುತ್ತಾರೆ! ಇದನ್ನು ನೆನೆಸಿದಾಗೆಲ್ಲ ನನಗೆ ಅವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು.

ನಾವು ಪುತ್ತೂರಿನವರೂ ಒಮ್ಮೆ ಹೀಗೆ ಸಂಬಂಧ ಹುಡುಕಿದ್ದುಂಟು. 2022ರ ಫೆಬ್ರವರಿಯಲ್ಲಿ ಪ್ರೊ ಕಬಡ್ಡಿಯ ಸೆಮಿಫೈನಲಿನಲ್ಲಿ ಬೆಂಗಳೂರು ಬುಲ್ಸ್ ದೆಹಲಿಯವರಿಗೆ ಸೋತಿತು. ಯಜಮಾನರು ಬಟ್ಟೆ ಹಾಕಲು ಎದ್ದರು. ಆಗ ಮಗ ಹೇಳಿದ, "ಅಪ್ಪಾ, ಫೈನಲಿನಲ್ಲಿ ಪಾಟ್ನಾ ತಂಡದ ಕ್ಯಾಪ್ಟನ್ ನಮ್ಮ ಪುತ್ತೂರಿನ ಪ್ರಶಾಂತ್ ಕುಮಾರ್ ರೈ!" ಪಾಟ್ನಾ ಎಲ್ಲಿ, ಪುತ್ತೂರು ಎಲ್ಲಿ? ಆದರೂ 25ರ ರಾತ್ರಿ ನಮ್ಮ ಬೀದಿಯ ಮನೆಮನೆಯಲ್ಲೂ ಬಿಹಾರದ ತಂಡಕ್ಕೆ ಚಪ್ಪಾಳೆ. 37ಕ್ಕೆ 36, ಒಂದೇ ಅಂಕಕ್ಕೆ ಸೋತರು. ನಮ್ಮ ಮನೆಯವರು ಬೇರೆಯವರ ಮದುವೆಗೆ ಹೋಳಿಗೆ ತಟ್ಟಿದ್ದು ಅದೊಂದೇ ಸಲ. ಅದೂ ಹೀಗಾಯಿತು.

ಇಲ್ಲಿ ಕೊಲ್ಲಮೊಗ್ರಿನಲ್ಲಿ ಫೈನಲಿಗೆ ಬಂದವರು ಬಂಟ್ವಾಳ ಕಡೆಯ ಹಳದಿ ಅಂಗಿಯವರು ಮತ್ತು ನಮ್ಮನ್ನು ಸೋಲಿಸಿದ ನೀಲಿಯವರು. ರಾತ್ರಿ ಎರಡು ಗಂಟೆ. ಮೈದಾನದಲ್ಲಿ ಯಾರಿಗೂ ಆಯ್ಕೆಯ ಕಷ್ಟ ಇರಲಿಲ್ಲ. ಎಲ್ಲರೂ ಹಳದಿಯ ಕಡೆ. ನೀಲಿಯವ ಒಬ್ಬ ರೈಡಿಗೆ ಹೊರಟರೆ ಕೂ ಅಂತ ಕೂಗು, ಅವ ಸಿಕ್ಕಿಬಿದ್ದರೆ ಪಟಾಕಿ. ನಾನು ಏನೂ ಮಾಡದೆ ಕೈ ಕಟ್ಟಿ ಕೂತೆ. ಗಂಡನ ಊರಿನವರು ಅಂತ ನೀಲಿಗೆ ಚಪ್ಪಾಳೆ ಹೊಡೆದರೆ ಅಣ್ಣನಿಗೆ ಬೇಸರ. ಹಳದಿಗೆ ಹೊಡೆದರೆ ಮಗ ನಾಳೆ ಹೋಗಿ ಅಪ್ಪನ ಹತ್ತಿರ ಹೇಳುತ್ತಾನೆ. ಕೊಟ್ಟ ಹೆಣ್ಣು ತವರಿನ ಮೈದಾನದಲ್ಲಿ ಹೇಗೆ ಕೂರಬೇಕು ಅಂತ ನಿಮಗೂ ಗೊತ್ತಿರುವ ವಿಷಯ, ನಾನು ವಿವರಿಸುವುದು ಬೇಡ.

ನೀಲಿ ತಂಡದಲ್ಲಿ ಒಬ್ಬ ಎಡಗೈ ಹುಡುಗ ಇದ್ದ. ರೈಡಿಗೆ ಹೊರಡುವ ಮೊದಲು ಎಡಗೈಯಿಂದ ಮ್ಯಾಟ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಕ್ರಮ ಅವನದ್ದು. ಅವ ಒಂದೇ ರೈಡಿಗೆ ಇಬ್ಬರನ್ನು ಮುಟ್ಟಿ ಬಂದಾಗ ನನ್ನ ಪಕ್ಕದಲ್ಲಿ ಚಪ್ಪಾಳೆ ಕೇಳಿತು. ಇಡೀ ಮೈದಾನದಲ್ಲಿ ಒಂದೇ ಚಪ್ಪಾಳೆ. ತಿರುಗಿ ನೋಡಿದರೆ ನನ್ನ ಅಮ್ಮ! ಎಪ್ಪತ್ತೆರಡು ವರ್ಷದ ಹೆಂಗಸು, ಶಾಲು ಹೊದ್ದು, ಎದ್ದು ನಿಂತು.

ಹಿಂದಿನಿಂದ ಯಾರೋ "ಅಜ್ಜೀ, ಅವರು ನಮ್ಮವರಲ್ಲ" ಅಂದರು. ಅಮ್ಮ ಕೇಳದವರ ಹಾಗೆ ಇದ್ದರು. ಮುಂದಿನ ರೈಡಿಗೂ ಚಪ್ಪಾಳೆ. ಆಚೆ ಬದಿಯಿಂದ ಅಣ್ಣ ಬಂದ. ಅವನ ಮುಖ ನೋಡಿ ನನಗೆ ಹೆದರಿಕೆಯಾಯಿತು.

"ಅಮ್ಮಾ, ಎಂತ ಮಾಡ್ತಾ ಇದ್ದಿ? ಮೊಮ್ಮಗನ ಭುಜ ತಿರುಗಿಸಿದವರಿಗೆ ಚಪ್ಪಾಳೆಯಾ? ನಾಲ್ಕು ಜನ ನೋಡ್ತಾರೆ. ಕೂತ್ಕೋ."

ಅಮ್ಮ ಕೂರಲಿಲ್ಲ. "ಆ ಎಡಗೈಯವ ಯಾರು ಗೊತ್ತುಂಟಾ ನಿನಗೆ?" ಅಂತ ಕೇಳಿದರು.

"ಯಾರಾದರೆ ನನಗೆಂತ?"

"ನಮ್ಮ ಬಾವಿಯ ಮಣ್ಣು ತೆಗೆದವ."

ನಿಮಗೆ 2022ರ ಆಗಸ್ಟ್ 1ರ ರಾತ್ರಿ ನೆನಪಿರಲಿಕ್ಕಿಲ್ಲ. ನಮ್ಮ ಕಡೆಯವರಿಗೆ ಮರೆಯಲು ಸಾಧ್ಯವಿಲ್ಲ. ಜೂನಿನ ಕೊನೆಗೆ ಸುಳ್ಯ, ಸಂಪಾಜೆ ಕಡೆ ನೆಲ ನಡುಗಿತ್ತು. ಆಮೇಲೆ ಆ ಮಳೆ. ಒಂದೇ ರಾತ್ರಿಯಲ್ಲಿ ಗುಡ್ಡಗಳು ಜಾರಿದವು, ಹರಿಹರ ಪೇಟೆಯೊಳಗೆ ಹೊಳೆ ನುಗ್ಗಿತು, ಕೊಲ್ಲಮೊಗ್ರು, ಕಲ್ಮಕಾರಿನ ಕಿರುಸೇತುವೆಗಳು ಕೊಚ್ಚಿಹೋದವು. ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಬಿದ್ದು ಇಬ್ಬರು ಪುಟ್ಟ ಹೆಣ್ಣುಮಕ್ಕಳು ತೀರಿಹೋದರು. ನಮ್ಮ ಮನೆಯ ಹಿಂದಿನ ಬರೆಯೂ ಕುಸಿದು ಹಟ್ಟಿಯ ಅರ್ಧ ಗೋಡೆ, ಅಡಿಕೆಯ ನಾಲ್ಕು ಸಾಲು, ಬಾವಿ, ಎಲ್ಲ ಕೆಸರಿನ ಅಡಿಗೆ ಹೋಯಿತು.

ಆ ದಿನ ಮನೆಯಲ್ಲಿ ಇದ್ದವರು ಅಮ್ಮ ಮತ್ತು ಅತ್ತಿಗೆ, ಇಬ್ಬರೇ. ಅಪ್ಪ ಮಂಗಳೂರಿನಲ್ಲಿ ಆಸ್ಪತ್ರೆಯ ಮಂಚದಲ್ಲಿ, ಅಣ್ಣ ಅವರ ಹತ್ತಿರ. ಅವನ ಮಗ ಹಾಸ್ಟೆಲಿನಲ್ಲಿ. ಅಣ್ಣ ಮಂಚ ಬಿಟ್ಟು ಬರುವ ಹಾಗಿರಲಿಲ್ಲ. ನಾನು? ನಾನು ಪುತ್ತೂರಿನಲ್ಲಿ ಕೂತು, ಸಿಗದ ಫೋನಿಗೆ ಮತ್ತೆ ಮತ್ತೆ ಕರೆ ಮಾಡುತ್ತಾ ಇದ್ದೆ. ದಾರಿ ಸರಿಯಾದ ಮೇಲೂ ತಕ್ಷಣ ಹೊರಡಲಿಲ್ಲ. ಮಗನ ಪರೀಕ್ಷೆ ಅಂತ ಒಂದು ನೆಪ ಇತ್ತು. ಅದನ್ನು ಈಗಲೂ ಯಾರ ಹತ್ತಿರವೂ ಹೇಳಿಲ್ಲ, ನಿಮ್ಮ ಹತ್ತಿರ ಹೇಳುತ್ತಿದ್ದೇನೆ.

ನಾಲ್ಕನೆಯ ದಿನ ಎಲ್ಲಿಂದಲೋ ಹದಿನೈದು ಹುಡುಗರು ಹಾರೆ, ಬುಟ್ಟಿ ಹಿಡಿದುಕೊಂಡು ಬಂದರಂತೆ. "ಅಜ್ಜೀ, ಎಲ್ಲಿಂದ ಶುರು ಮಾಡುವ?" ಅಂತ ಕೇಳಿದರಂತೆ, ಅಷ್ಟೇ. ಎರಡು ದಿನ ಮಣ್ಣು ಹೊತ್ತರು. ಅಮ್ಮ ಅವರಿಗೆ ಕುಚ್ಚಲಕ್ಕಿ ಗಂಜಿ ಮತ್ತು ಭರಣಿಯಲ್ಲಿದ್ದ ಉಪ್ಪುಸೊಳೆಯ ಪಲ್ಯ ಮಾಡಿ ಬಡಿಸಿದ್ದರು. ಬೇರೆ ಏನಿತ್ತು ಮನೆಯಲ್ಲಿ? (ಕೇಳುವವರಿಗಾಗಿ ಹೇಳಿಬಿಡುತ್ತೇನೆ. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು ರಾತ್ರಿಯೇ ನೀರಿನಲ್ಲಿ ನೆನೆಹಾಕಿ, ಎರಡು ಸಲ ನೀರು ಬದಲಿಸಿ ಉಪ್ಪು ಬಿಡಿಸಬೇಕು. ಬೇಯಿಸಿ, ತೆಂಗಿನತುರಿ, ಒಣಮೆಣಸು, ಜೀರಿಗೆ ತರಿತರಿಯಾಗಿ ಅರೆದು ಬೆರೆಸಿ, ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿಯ ಒಗ್ಗರಣೆ. ಉಪ್ಪು ಬೇರೆ ಹಾಕುವುದು ಬೇಡ.) ಎಡಗೈಯಲ್ಲಿ ಹಾರೆ ಹಿಡಿಯುತ್ತಿದ್ದ ಒಬ್ಬ ಹುಡುಗ ಮೂರು ಸಲ ಆ ಪಲ್ಯ ಹಾಕಿಸಿಕೊಂಡನಂತೆ. ಬಾವಿಗೆ ಇಳಿದವನೂ ಅವನೇ. ಮೇಲೆ ಬರುವಾಗ ಹಲ್ಲು ಮಾತ್ರ ಬಿಳಿ ಇತ್ತು ಅಂತ ಅಮ್ಮ ಎಷ್ಟೋ ಸಲ ಹೇಳಿದ್ದುಂಟು. ಆ ವರ್ಷದ ಕೊನೆಗೆ ಅಪ್ಪ ತೀರಿಕೊಂಡರು. ಹನ್ನೆರಡನೆಯ ದಿನದ ಅಡುಗೆಗೆ ನೀರು ಸೇದಿದ್ದು ಅದೇ ಬಾವಿಯಿಂದ.

ಇದನ್ನೆಲ್ಲ ಅಮ್ಮ ಮೈದಾನದಲ್ಲಿ ಹೇಳಲಿಲ್ಲ. "ನಮ್ಮ ಬಾವಿಯ ಮಣ್ಣು ತೆಗೆದವ" ಅಂತ ಮಾತ್ರ ಹೇಳಿದ್ದು. ಅಣ್ಣನಿಗೆ ಅರ್ಥವಾಯಿತು. ಅವನಿಗೆ ಸಿಟ್ಟು ಇಳಿಯಲಿಲ್ಲ, ಆದರೆ ಬಾಯಿ ಬರಲಿಲ್ಲ. "ಎಡಗೈಯವರು ಊರಲ್ಲಿ ನೂರು ಜನ ಇರ್ತಾರೆ" ಅಂತ ಗೊಣಗಿ ಸಮಿತಿಯವರ ಮೇಜಿನ ಕಡೆಗೆ ಹೋದ. ನಾನು ಅತ್ತಿಗೆಯನ್ನು ನೋಡಿದೆ. ಬಾಣಲೆ ಬಿಟ್ಟು ಬಂದು ನಮ್ಮ ಕುರ್ಚಿಯ ಹಿಂದೆ ನಿಂತಿದ್ದರು, ಕೈಯಲ್ಲಿ ಇನ್ನೂ ಜಾಲರಿ ಸೌಟು. "ಅವನೇ" ಅಂದರು ಮೆಲ್ಲಗೆ.

ಆಮೇಲೆ ನಾವು ಮೂವರು ಹೆಂಗಸರು ಏನು ಮಾಡಿದೆವು ಅಂತ ಕೇಳುತ್ತೀರಾ? ನಾನೂ ಚಪ್ಪಾಳೆ ಹೊಡೆದೆ. ಮೊದಲು ಮೆಲ್ಲಗೆ, ಮಡಿಲಲ್ಲಿ ಕೈ ಇಟ್ಟುಕೊಂಡು. ಅಮ್ಮ ನನ್ನ ಕೈ ನೋಡಿ "ಚಪ್ಪಾಳೆಯಾ, ಸೊಳ್ಳೆ ಹೊಡೆಯುವುದಾ?" ಅಂದರು. ಆಮೇಲೆ ಜೋರಾಗಿಯೇ ಹೊಡೆದೆ. ಅತ್ತಿಗೆ ಹೊಡೆಯಲಿಲ್ಲ, ಅವರ ಮಗ ಜೀಪಿನಲ್ಲಿ ಪಟ್ಟಿ ಕಟ್ಟಿಕೊಂಡು ಕೂತಿದ್ದ. ನಾನು ಅದನ್ನು ತಪ್ಪು ಅಂತ ಹೇಳುವುದಿಲ್ಲ. ಆದರೆ ಅಲ್ಲಿಂದ ಹೋಗಲೂ ಇಲ್ಲ. ಎಣ್ಣೆ ಕಾದು ಹೊಗೆ ಬಂದು ಯಾರೋ ಕೂಗುವವರೆಗೆ ನಿಂತೇ ಇದ್ದರು.

ನೀಲಿಯವರು ಗೆಲ್ಲಲಿಲ್ಲ. ಹಳದಿಯವರು ಗಟ್ಟಿಗರು, ಒಂದು ಸಲ ಏಳು ಜನರನ್ನೂ ಖಾಲಿ ಮಾಡಿ ಲೋನದ ಎರಡು ಅಂಕ ಹೆಚ್ಚು ತೆಗೆದುಕೊಂಡರು, ಅಲ್ಲಿಗೆ ಆಟ ತಿರುಗಿತು. ಕೊನೆಯ ರೈಡಿಗೆ ಎಡಗೈ ಹುಡುಗನೇ ಹೋದದ್ದು, ನಡು ಗೆರೆಗೆ ಒಂದು ಗೇಣು ಬಾಕಿ ಇರುವಾಗ ಕಾಲು ಹಿಡಿದು ಎಳೆದರು. ಪಟಾಕಿ, ಡೋಲು, ಊರಿಗೆ ಊರೇ ಅಂಕಣದೊಳಗೆ. ಹ್ಞಾ, ಒಂದು ಮಾತು ಬಿಟ್ಟೆ. ಹಳದಿಯವರಿಗೆ ಟ್ರೋಫಿ ಕೊಡುವಾಗಲೂ ಅಮ್ಮ ಚಪ್ಪಾಳೆ ಹೊಡೆದರು. "ಚಂದ ಆಡಿದರು ಮಕ್ಕಳು" ಅಂದರು. 1987ರಲ್ಲಿ ಬೆಲ್ಲದ ಅಚ್ಚು ತೆಗೆದುಕೊಂಡ ಹಾಗೆಯೇ.

ಬೆಳಿಗ್ಗೆ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಅಣ್ಣನ ಮಗ ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಉಣ್ಣಲು ಕಷ್ಟಪಡುತ್ತಿದ್ದ. ನನ್ನ ಮಗ ಅವನಿಗೆ ಏನೋ ಹೇಳಿ ನಗಿಸುತ್ತಿದ್ದ. ಅಣ್ಣ ಕೊಟ್ಟಿಗೆಗೆ ಹೋದ, ತೋಟಕ್ಕೆ ಹೋದ, ಬಾವಿಕಟ್ಟೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಹನ್ನೊಂದು ಗಂಟೆಗೆ ಒಳಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ.

"ಆ ಹುಡುಗನ ಊರು ಯಾವುದು ಅಂತ ಕೇಳಿದ್ದಿಯಾ ಆಗ?"

"ಊರು ನಾನು ಕೇಳಲಿಲ್ಲ" ಅಂದರು ಅಮ್ಮ. "ಅವ ಉಪ್ಪುಸೊಳೆ ಕೇಳಿದ, ನಾನು ಬಡಿಸಿದೆ."

ಎರಡು ಗಂಟೆಯ ಬಸ್ಸಿಗೆ ನಾನು ಹೊರಡುವಾಗ ಅಣ್ಣ ಅಟ್ಟದಿಂದ ಭರಣಿ ಇಳಿಸಿ, ತಳದಲ್ಲಿ ಉಳಿದ ಹಿಂದಿನ ವರ್ಷದ ಸೊಳೆಯನ್ನು ಒಂದು ಡಬ್ಬಿಗೆ ತುಂಬಿಸಿ ತಂದು ಕೊಟ್ಟ. ನನಗೆ ಅಂತ ಅಂದುಕೊಂಡು ಕೈ ಚಾಚಿದೆ.

"ನಿನಗಲ್ಲ" ಅಂದ. "ಪುತ್ತೂರಿಗೆ ಹೋಗುವವಳಲ್ವಾ ನೀನು. ಹುಡುಕಿ ಕೊಡು."

ಡಬ್ಬಿಯ ಮುಚ್ಚಳ ಸರಿಯಿರಲಿಲ್ಲ. ಗುತ್ತಿಗಾರು ಬರುವಾಗ ಉಪ್ಪುನೀರು ಸೋರಿ ನನ್ನ ಸೀರೆಯ ನೆರಿಗೆಯೆಲ್ಲ ಒದ್ದೆ. ಮಗ ಪಕ್ಕದಲ್ಲಿ ಕೂತು ಫೋನಿನಲ್ಲಿ ನೀಲಿ ತಂಡದ ಫೋಟೋ ಹುಡುಕುತ್ತಿದ್ದ.